ಜಿಮ್ ರಿಯಾಯಿತಿ ಹೋಗಿ ಹೆಜ್ಜೆ ಲೆಕ್ಕ ಬಂದಾಗ: ಆರೋಗ್ಯ ವಿಮೆಯ ಹೊಸ ಬಹುಮಾನ ಕಾಸರಗೋಡಿಗೆ ಎಷ್ಟು ಹೊಂದುತ್ತದೆ?

ಆರೋಗ್ಯ ವಿಮೆ ಮಾಡಿಸಿದರೆ ಜಿಮ್ ಫೀಸಿನಲ್ಲಿ ರಿಯಾಯಿತಿ ಉಂಟು ಎಂಬ ಮಾತು ಉಪ್ಪಳ, ಕುಂಬಳೆ, ಬದಿಯಡ್ಕದ ಕಡೆಯೂ ಈಗ ಹೊಸದಲ್ಲ. ಏಜೆಂಟರು ಹೇಳುತ್ತಾರೆ, ಮೊಬೈಲಿನಲ್ಲಿ ಜಾಹೀರಾತು ಬರುತ್ತದೆ. ದುಬೈಯಲ್ಲಿರುವ ಮಗ ಊರಿನ ಅಪ್ಪ ಅಮ್ಮನಿಗೆ ಆನ್‌ಲೈನ್‌ನಲ್ಲಿ ಪಾಲಿಸಿ ತೆಗೆಯುವಾಗಲೂ ಆ ಸಾಲು ಕಣ್ಣಿಗೆ ಬೀಳುತ್ತದೆ. ಆದರೆ ಈ ರಿಯಾಯಿತಿ ಕೊಡುವ ರೀತಿ ಬದಲಾಗುತ್ತಿದೆ. ಮೊದಲು ಕೈಯಲ್ಲಿ ಪಾಲಿಸಿ ಇದ್ದರೆ ಸಾಕಿತ್ತು, ಪಟ್ಟಿಯಲ್ಲಿರುವ ಜಿಮ್‌ಗೆ ಕಡಿಮೆ ದುಡ್ಡಿಗೆ ಸೇರಬಹುದಿತ್ತು. ಈಗ ಹಲವು ಕಂಪನಿಗಳು ಹೇಳುವುದೇ ಬೇರೆ: ಮೊದಲು ನಡೆದು ತೋರಿಸಿ, ಬೆವರು ಸುರಿಸಿ ತೋರಿಸಿ, ಮುಂದಿನ ವರ್ಷದ ಪ್ರೀಮಿಯಂನಲ್ಲಿ ಕಡಿಮೆ ಮಾಡುತ್ತೇವೆ.

ಜಿಮ್ ರಿಯಾಯಿತಿ ಹೋದರೆ ಕಾಸರಗೋಡಿನವರಿಗೆ ದೊಡ್ಡ ನಷ್ಟ ಇಲ್ಲ ಎಂದೇ ನನ್ನ ಅಭಿಪ್ರಾಯ. ಅದು ನಮ್ಮೂರಿಗೆ ಸರಿಯಾಗಿ ತಲುಪಿರಲೇ ಇಲ್ಲ. ಅದರ ಜಾಗಕ್ಕೆ ಬರುತ್ತಿರುವ ಪ್ರೀಮಿಯಂ ರಿಯಾಯಿತಿ ಮಾತ್ರ ನಮಗೂ ಸಿಗಬಹುದಾದದ್ದು. ಸಿಗುತ್ತದೋ ಇಲ್ಲವೋ ಎಂಬುದು ಅವರು ಏನನ್ನು ಅಳೆಯುತ್ತಾರೆ, ಹೇಗೆ ಅಳೆಯುತ್ತಾರೆ ಎಂಬುದರ ಮೇಲೆ ನಿಂತಿದೆ. ಶೇಕಡಾ ಎಷ್ಟು ರಿಯಾಯಿತಿ ಎಂದು ಎಲ್ಲರೂ ಕೇಳುತ್ತಾರೆ. ಅಳತೆಯ ಬಗ್ಗೆ ಕೇಳುವವರು ಕಡಿಮೆ.

ಈ ಪದ್ಧತಿಗೆ ದೊಡ್ಡ ರೂಪ ಸಿಕ್ಕಿದ್ದು ದಕ್ಷಿಣ ಆಫ್ರಿಕಾದಲ್ಲಿ. ಅಲ್ಲಿನ ಡಿಸ್ಕವರಿ ಎಂಬ ವಿಮಾ ಕಂಪನಿ 1997ರಲ್ಲಿ ವೈಟಾಲಿಟಿ ಎಂಬ ಯೋಜನೆ ತಂದಿತು. ವ್ಯಾಯಾಮ ಮಾಡಿದರೆ, ತಪಾಸಣೆ ಮಾಡಿಸಿದರೆ ಪಾಯಿಂಟ್. ಪಾಯಿಂಟ್ ಕೂಡಿದರೆ ಬಹುಮಾನ. ದೊಡ್ಡ ಜಿಮ್ ಸರಪಳಿಗಳಲ್ಲಿ ಕಡಿಮೆ ಫೀಸು. 2004ರಲ್ಲಿ ಇದು ಬ್ರಿಟನ್ನಿಗೂ ಹೋಯಿತು. ಭಾರತದಲ್ಲಿ ಆದಿತ್ಯ ಬಿರ್ಲಾ ಹೆಲ್ತ್ ಇನ್ಶೂರೆನ್ಸ್ ಈ ದಾರಿಯಲ್ಲಿ ಮುಂದೆ ಹೋದ ಕಂಪನಿಗಳಲ್ಲಿ ಒಂದು. ಅದರಲ್ಲಿ ಪಾಲು ಹೊಂದಿದ್ದೂ ದಕ್ಷಿಣ ಆಫ್ರಿಕಾದ ಇನ್ನೊಂದು ವಿಮಾ ಸಂಸ್ಥೆಯೇ. ಅವರ ಲೆಕ್ಕದಲ್ಲಿ ಒಂದು ದಿನ 'ಚಟುವಟಿಕೆಯ ದಿನ' ಅನ್ನಿಸಿಕೊಳ್ಳಬೇಕಾದರೆ 10,000 ಹೆಜ್ಜೆ ನಡೆಯಬೇಕು, ಇಲ್ಲವೇ ವ್ಯಾಯಾಮದಲ್ಲಿ 300 ಕ್ಯಾಲರಿ ಕರಗಿಸಬೇಕು, ಇಲ್ಲವೇ ಅವರ ಪಟ್ಟಿಯಲ್ಲಿರುವ ಜಿಮ್‌ನಲ್ಲಿ 30 ನಿಮಿಷ ಕಳೆಯಬೇಕು. ನಿವಾ ಬೂಪಾದಂಥ ಕಂಪನಿಗಳೂ ಹೆಜ್ಜೆ ಎಣಿಸಿ ನವೀಕರಣದ ಪ್ರೀಮಿಯಂನಲ್ಲಿ ಕಡಿತ ಕೊಡುತ್ತವೆ.

ನಮ್ಮಲ್ಲಿ ಇದಕ್ಕೆ ಒಂದು ಕಾನೂನಿನ ತೊಡಕೂ ಇತ್ತು. 1938ರ ವಿಮಾ ಕಾಯ್ದೆಯ 41ನೇ ಕಲಂ ಪ್ರಕಾರ, ಪಾಲಿಸಿ ಮಾಡಿಸಲು ಆಸೆ ಹುಟ್ಟಿಸಿ ಪ್ರೀಮಿಯಂನಲ್ಲಿ ಅಥವಾ ಕಮಿಷನ್‌ನಲ್ಲಿ ಪಾಲು ವಾಪಸ್ ಕೊಡುವ ಹಾಗಿಲ್ಲ. ಏಜೆಂಟ್ ತನ್ನ ಕಮಿಷನ್ನಿನಲ್ಲಿ ಸ್ವಲ್ಪ ನಿಮಗೆ ಕೊಟ್ಟರೆ ಅದು ತಪ್ಪು. ಹಾಗಾದರೆ ಕಂಪನಿ ಜಿಮ್ ವೋಚರ್ ಕೊಡುವುದು ಹೇಗೆ ಸರಿ? ಅದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ದಾರಿ ಮಾಡಿಕೊಟ್ಟಿದೆ. 2020ರ ಸೆಪ್ಟೆಂಬರಿನಲ್ಲಿ ಅದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಆರೋಗ್ಯ ಕಾಪಾಡಿಕೊಂಡದ್ದಕ್ಕೆ ಕಂಪನಿಗಳು ಪಾಯಿಂಟ್ ಕೊಡಬಹುದು. ಆ ಪಾಯಿಂಟ್‌ಗಳನ್ನು ಜಿಮ್, ಯೋಗ ಕೇಂದ್ರದ ಸದಸ್ಯತ್ವಕ್ಕೆ ಬಳಸಬಹುದು, ಪ್ರೀಮಿಯಂ ಕಡಿತಕ್ಕೂ ಬಳಸಬಹುದು. ಪಾಯಿಂಟ್ ಹೇಗೆ ಸಿಗುತ್ತದೆ, ಹೇಗೆ ಖರ್ಚಾಗುತ್ತದೆ ಎಂಬುದನ್ನು ಮೊದಲೇ ತಿಳಿಸಬೇಕು.

ಜಿಮ್ ರಿಯಾಯಿತಿಯಿಂದ ಯಾರಿಗೆ ಲಾಭ?

ಇಲ್ಲಿ ಸ್ವಲ್ಪ ನಿಲ್ಲಬೇಕು. ಜಿಮ್ ರಿಯಾಯಿತಿ ಕೊಟ್ಟರೆ ಜನ ಗಟ್ಟಿಯಾಗುತ್ತಾರೆ, ಆಸ್ಪತ್ರೆ ಖರ್ಚು ಕಡಿಮೆಯಾಗುತ್ತದೆ, ಕಂಪನಿಗೂ ಲಾಭ ಎಂದು ಸುಲಭವಾಗಿ ಹೇಳಿಬಿಡಬಹುದು. ನಿಜವಾಗಿ ನಡೆಯುವುದು ಅಷ್ಟು ಸರಳವಲ್ಲ.

ಅಮೆರಿಕದಲ್ಲಿ ಹಿರಿಯರ ವಿಮಾ ಯೋಜನೆಗಳಲ್ಲಿ ಜಿಮ್ ಸದಸ್ಯತ್ವ ಸೇರಿಸಿದಾಗ ಏನಾಯಿತು ಎಂದು ಇಬ್ಬರು ಸಂಶೋಧಕರು ನೋಡಿದರು. ಅವರ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಹೊಸದಾಗಿ ಜಿಮ್ ಸೌಲಭ್ಯ ಸೇರಿಸಿದ 11 ಯೋಜನೆಗಳನ್ನು, ಸೇರಿಸದ 11 ಯೋಜನೆಗಳ ಜೊತೆ ಇಟ್ಟು ಹೋಲಿಸಿದರು. ಜಿಮ್ ಬಂದ ಮೇಲೆ ಸೇರಿದವರಲ್ಲಿ ತಮ್ಮ ಆರೋಗ್ಯ ಬಹಳ ಚೆನ್ನಾಗಿದೆ ಎಂದು ಹೇಳಿಕೊಂಡವರ ಪಾಲು ಶೇಕಡಾ 6.1 ಅಂಶದಷ್ಟು ಜಾಸ್ತಿ ಇತ್ತು. ಅಂದರೆ ಜಿಮ್ ಯಾರನ್ನೂ ಗಟ್ಟಿ ಮಾಡುವ ಮೊದಲೇ, ಗಟ್ಟಿ ಇರುವವರನ್ನು ಆರಿಸಿ ಒಳಗೆ ತಂದಿತ್ತು. ಮಂಡಿ ನೋವಿರುವವರು, ಉಸಿರಾಟದ ತೊಂದರೆ ಇರುವವರು ಜಿಮ್ ನೋಡಿ ಪಾಲಿಸಿ ಕೊಳ್ಳುವುದಿಲ್ಲ. ಕೊಳ್ಳುವವರು ಹೇಗೂ ಓಡಾಡಿಕೊಂಡಿರುವವರು. ಅಂಥವರಿಂದ ಕ್ಲೇಮ್ ಕಡಿಮೆ. ವಿಮಾ ಕಂಪನಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಇಲ್ಲ.

ಇನ್ನೊಂದು ಅಧ್ಯಯನವೂ ನೆನಪಿಡಬೇಕಾದದ್ದು. 2006ರಲ್ಲಿ ಪ್ರಕಟವಾದ ಅದರಲ್ಲಿ, ಅಮೆರಿಕದ ಮೂರು ಜಿಮ್‌ಗಳಲ್ಲಿ ತಿಂಗಳಿಗೆ 70 ಡಾಲರಿಗೂ ಜಾಸ್ತಿ ಕಟ್ಟುತ್ತಿದ್ದವರು ಸರಾಸರಿ ತಿಂಗಳಿಗೆ 4.3 ಸಲ ಮಾತ್ರ ಹೋಗುತ್ತಿದ್ದರು. ಅಂದರೆ ಒಂದು ಸಲಕ್ಕೆ 17 ಡಾಲರಿಗೂ ಜಾಸ್ತಿ ಬಿದ್ದಂತೆ. ಹತ್ತು ಸಲ ಹೋಗಲು ಕೊಡುವ ಪಾಸ್ ತೆಗೆದಿದ್ದರೆ ಒಂದು ಸಲಕ್ಕೆ 10 ಡಾಲರಿನಲ್ಲಿ ಮುಗಿಯುತ್ತಿತ್ತು. ಸೇರುವುದು ಬೇರೆ, ಹೋಗುವುದು ಬೇರೆ, ಅಲ್ವಾ. ಸೇರಿದ ಕೂಡಲೇ ರಿಯಾಯಿತಿ ಕೊಟ್ಟರೆ, ಒಂದು ದಿನವೂ ಹೋಗದವರಿಗೂ ಅದು ಸಿಗುತ್ತದೆ.

ಈ ಎರಡು ಸಂಗತಿ ಒಟ್ಟಿಗೆ ಇಟ್ಟರೆ ಬದಲಾವಣೆಯ ಕಾರಣ ತಿಳಿಯುತ್ತದೆ. ಗಿರಾಕಿಯನ್ನು ಸೆಳೆಯಲು ಜಿಮ್ ಒಳ್ಳೆಯ ದಾರಿ. ಆದರೆ ಎಲ್ಲ ಕಂಪನಿಗಳೂ ಅದನ್ನೇ ಕೊಡಲು ಶುರು ಮಾಡಿದರೆ ಆ ಸೆಳೆತ ಉಳಿಯುವುದಿಲ್ಲ, ಖರ್ಚು ಮಾತ್ರ ಉಳಿಯುತ್ತದೆ. ಹಾಗಾಗಿ ಮುಂಚೆ ಕೊಡುವ ಬದಲು, ಮಾಡಿದ ಮೇಲೆ ಕೊಡುವ ಕಡೆಗೆ ಹೊರಳುತ್ತಾರೆ. ವೈಟಾಲಿಟಿ ಇದನ್ನು ಕೈಗಡಿಯಾರದಲ್ಲಿ ಮಾಡಿತು. ಆ್ಯಪಲ್ ವಾಚ್ ಕಡಿಮೆ ಬೆಲೆಗೆ ಕೊಟ್ಟು, ತಿಂಗಳ ಕಂತು ಎಷ್ಟು ಕಟ್ಟಬೇಕು ಎಂಬುದನ್ನು ಆ ತಿಂಗಳ ವ್ಯಾಯಾಮಕ್ಕೆ ಕಟ್ಟಿಹಾಕಿತು. ಸುಮ್ನೆ ಕೂತರೆ ಪೂರ್ತಿ ಕಂತು. ಬ್ರಿಟನ್, ಅಮೆರಿಕ, ದಕ್ಷಿಣ ಆಫ್ರಿಕಾದ 4 ಲಕ್ಷಕ್ಕೂ ಜಾಸ್ತಿ ಜನರ ಮಾಹಿತಿ ನೋಡಿ ರ‍್ಯಾಂಡ್ ಯೂರೋಪ್ ಎಂಬ ಸಂಸ್ಥೆ 2018ರಲ್ಲಿ ವರದಿ ಕೊಟ್ಟಿತು. ವಾಚ್ ತೆಗೆದುಕೊಂಡವರ ಚಟುವಟಿಕೆ ಸರಾಸರಿ ಶೇಕಡಾ 34ರಷ್ಟು ಜಾಸ್ತಿ ಇತ್ತು. ಆ ಅಧ್ಯಯನ ಮಾಡಿಸಿದ್ದು ವೈಟಾಲಿಟಿಯೇ ಎಂಬುದನ್ನೂ ಹೇಳಲೇಬೇಕು. ಆದರೂ ಕೈಗೆ ಬಂದದ್ದು ಕೈಬಿಟ್ಟು ಹೋಗುತ್ತದೆ ಎಂಬ ಹೆದರಿಕೆ ಜನರನ್ನು ಮಂಚದಿಂದ ಎಬ್ಬಿಸುತ್ತದೆ ಎಂಬ ಮಾತನ್ನು ತಳ್ಳಿಹಾಕುವ ಹಾಗಿಲ್ಲ.

ಭಾರತದಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರಿಕೊಂಡಿದೆ ಎಂದು ನನಗನ್ನಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇಕಡಾ 18 ಜಿಎಸ್‌ಟಿ ಪೂರ್ತಿ ಹೋಯಿತು. ಮನೆಮಂದಿಯ ಫ್ಯಾಮಿಲಿ ಫ್ಲೋಟರ್ ಪಾಲಿಸಿಗೂ ಇದು ಅನ್ವಯ. 20,000 ರೂಪಾಯಿ ಪ್ರೀಮಿಯಂಗೆ ಮೊದಲು 23,600 ಕಟ್ಟಬೇಕಿತ್ತು, ಈಗ 20,000. ನಮಗೆ ಒಳ್ಳೆಯದೇ. ಆದರೆ ಪ್ರೀಮಿಯಂ ಮೇಲೆ ತೆರಿಗೆ ಇಲ್ಲ ಎಂದಾದ ಮೇಲೆ, ಕಂಪನಿ ತಾನು ಕೊಳ್ಳುವ ಸೇವೆಗಳ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ವಾಪಸ್ ಲೆಕ್ಕ ಹಾಕಿಕೊಳ್ಳುವ ಹಾಗಿಲ್ಲ. ಜಾಹೀರಾತು, ಕಮಿಷನ್, ಆ್ಯಪ್ ನಡೆಸುವ ಸಂಸ್ಥೆಗೆ ಕೊಡುವ ದುಡ್ಡು, ಎಲ್ಲದರ ತೆರಿಗೆಯೂ ಈಗ ಕಂಪನಿಯ ಸ್ವಂತ ಖರ್ಚು. ಎಲ್ಲಿ ಕಡಿಮೆ ಮಾಡಬಹುದು ಎಂದು ಹುಡುಕುವವರ ಕಣ್ಣು ಜಿಮ್ ವೋಚರ್ ಮೇಲೆ ಬೀಳದೆ ಇರುತ್ತದೆಯೇ? ಕ್ಲೇಮ್ ಕಡಿಮೆ ಮಾಡಿದರೆ ಗಲಾಟೆ ಆಗುತ್ತದೆ. ವೋಚರ್ ನಿಂತರೆ ಕೇಳುವವರು ಕಡಿಮೆ.

ಅದೇ ದಿನದಿಂದ ಜಿಮ್ ಸೇವೆಯ ಜಿಎಸ್‌ಟಿಯೂ ಶೇಕಡಾ 18ರಿಂದ 5ಕ್ಕೆ ಇಳಿಯಿತು. ವರ್ಷಕ್ಕೆ 12,000 ರೂಪಾಯಿ ಫೀಸು ಇರುವ ದೊಡ್ಡ ಜಿಮ್‌ನಲ್ಲಿ ಇದು 1,560 ರೂಪಾಯಿಯ ವ್ಯತ್ಯಾಸ. ಪೇಟೆಯ ದೊಡ್ಡ ಜಿಮ್‌ಗೆ ಹೋಗುವವರಿಗೆ, ವಿಮೆಯ ರಿಯಾಯಿತಿ ಕಳೆದುಕೊಂಡ ನೋವು ಸ್ವಲ್ಪ ಇದರಲ್ಲಿ ತೀರಬಹುದು. ನಮ್ಮ ಕಡೆಯ ಸಣ್ಣ ಜಿಮ್‌ಗಳ ಕತೆ ಬೇರೆ. ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ಜಿಎಸ್‌ಟಿ ನೋಂದಣಿಯೇ ಬೇಡ. ಇಲ್ಲದ ತೆರಿಗೆ ಇಳಿದರೆ ಫೀಸು ಇಳಿಯುವುದು ಎಲ್ಲಿಂದ?

ಪಟ್ಟಿಯಲ್ಲಿಲ್ಲದ ಊರು

ರಿಯಾಯಿತಿ ನಮ್ಮಲ್ಲಿಗೆ ತಲುಪಿರಲಿಲ್ಲ ಎಂದು ಹೇಳಿದ್ದು ಇದಕ್ಕೇ. ವಿಮಾ ಕಂಪನಿ ಒಪ್ಪಂದ ಮಾಡಿಕೊಳ್ಳುವುದು ಸರಪಳಿ ಜಿಮ್‌ಗಳ ಜೊತೆ, ಇಲ್ಲವೇ ನೂರಾರು ಜಿಮ್‌ಗಳನ್ನು ಒಂದೇ ಆ್ಯಪ್‌ನಲ್ಲಿ ಸೇರಿಸಿಕೊಂಡ ಸಂಸ್ಥೆಗಳ ಜೊತೆ. ಮುಳ್ಳೇರಿಯ, ಪೆರ್ಲ, ಪೈವಳಿಕೆಯಂಥ ಕಡೆ ಅಂಗಡಿ ಕಟ್ಟಡದ ಮಹಡಿಯಲ್ಲಿ ಊರಿನ ಹುಡುಗರೇ ನಡೆಸುವ ಜಿಮ್ ಅವರ ಪಟ್ಟಿಗೆ ಬರುವುದಿಲ್ಲ. ಗಡಿಯಲ್ಲಿರುವವರಿಗೆ ಇನ್ನೊಂದು ಪೇಚು. ಆ್ಯಪ್‌ನಲ್ಲಿ ಕೇರಳ ಎಂದು ಒತ್ತಿದರೆ ಹತ್ತಿರದ್ದು ಎಂದು ಕಣ್ಣೂರನ್ನೋ ಕೋಯಿಕ್ಕೋಡನ್ನೋ ತೋರಿಸಬಹುದು. ಮಂಜೇಶ್ವರದವರಿಗೆ ಮಂಗಳೂರು ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ಕಣ್ಣೂರು ನೂರಕ್ಕೂ ಜಾಸ್ತಿ. ನಮ್ಮ ಆಸ್ಪತ್ರೆ, ಕಾಲೇಜು, ಜವಳಿ ಎಲ್ಲದಕ್ಕೂ ಮಂಗಳೂರೇ. ಆದರೂ ಬೆಳಗ್ಗೆ 30 ನಿಮಿಷದ ವ್ಯಾಯಾಮಕ್ಕೆ ತಲಪಾಡಿ ದಾಟಿ ಯಾರು ಹೋಗುತ್ತಾರೆ?

ಪ್ರೀಮಿಯಂ ಮಾತ್ರ ಎಲ್ಲರಿಂದಲೂ ಬರುತ್ತದೆ. ಜಿಮ್ ರಿಯಾಯಿತಿಯ ಖರ್ಚಿನಲ್ಲಿ ಕಂಪನಿ ಹೊರುವ ಪಾಲು ಎಷ್ಟೇ ಇರಲಿ, ಅದು ಬರುವುದು ಪ್ರೀಮಿಯಂನಿಂದಲೇ. ಬೆಂಗಳೂರಿನವರು ಬಳಸುವ ಸೌಲಭ್ಯಕ್ಕೆ ಬಾಯಾರಿನವರೂ ಚೂರು ಕೊಟ್ಟಂತೆ. ಇದು ಅನ್ಯಾಯ. ಈ ದೃಷ್ಟಿಯಿಂದ ಪ್ರೀಮಿಯಂನಲ್ಲೇ ಕಡಿತ ಕೊಡುವ ಹೊಸ ರೀತಿ ಹೆಚ್ಚು ನ್ಯಾಯದ್ದು. 20,000 ರೂಪಾಯಿಯ ಪ್ರೀಮಿಯಂನಲ್ಲಿ ಶೇಕಡಾ 10 ಎಂದರೆ 2,000 ರೂಪಾಯಿ. ಆ ದುಡ್ಡಿಗೆ ಊರಿಲ್ಲ, ಪಟ್ಟಿ ಇಲ್ಲ. ಅದನ್ನು ಊರಿನ ಜಿಮ್‌ಗೂ ಕೊಡಬಹುದು, ಶೂ ಕೊಳ್ಳಲೂ ಬಳಸಬಹುದು.

ಆದರೆ ಆ 2,000 ಕೈಗೆ ಬರಬೇಕಾದರೆ ಹೆಜ್ಜೆ ಕೂಡಬೇಕು. ವರ್ಷದಲ್ಲಿ 270 ದಿನ, ದಿನಕ್ಕೆ 10,000 ಹೆಜ್ಜೆ ನಡೆದರೆ ಪೂರ್ತಿ ರಿಯಾಯಿತಿ ಎಂಬಂಥ ಷರತ್ತು ಮಾರುಕಟ್ಟೆಯಲ್ಲಿದೆ. ಕಾಗದದ ಮೇಲೆ ಕಷ್ಟ ಅನ್ನಿಸುವುದಿಲ್ಲ, ವರ್ಷಕ್ಕೆ 95 ದಿನ ರಜೆ ಸಿಕ್ಕಿದ ಹಾಗೆಯೇ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 122 ದಿನಗಳಲ್ಲೇ. ಆ ನಾಲ್ಕು ತಿಂಗಳು ಹೊರಗೆ ನಡೆಯುವುದು ಬಿಟ್ಟರೆ ಉಳಿಯುವುದು 243 ದಿನ. ಒಂದು ದಿನವೂ ತಪ್ಪಿಸದೆ ನಡೆದರೂ 270 ಮುಟ್ಟುವುದಿಲ್ಲ. ಮಳೆಗಾಲದಲ್ಲೂ ಬಿಸಿಲು ಬಿಡುವ ದಿನಗಳಿವೆ, ಒಪ್ಪುತ್ತೇನೆ. ಆದರೆ ಜ್ವರ, ಮದುವೆ, ಪ್ರಯಾಣ ಎಂದು ಬೇಸಿಗೆಯಲ್ಲೂ ದಿನಗಳು ಹೋಗುತ್ತವೆ. ಇನ್ನು ರಸ್ತೆ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥವಾಗಿದೆ. ವಾಹನಗಳಿಗೆ ಅನುಕೂಲ ಆಯಿತು. ಬೆಳಕು ಹರಿಯುವ ಮೊದಲು ಅದರ ಪಕ್ಕದಲ್ಲಿ ನಡೆಯುವ ಹೆಂಗಸರಿಗೆ ಆಗಿಲ್ಲ. ಮಳೆಗಾಲದಲ್ಲಿ ಚಾವಣಿಯ ಕೆಳಗೆ ವ್ಯಾಯಾಮ ಮಾಡಲು ಸಣ್ಣ ಜಿಮ್ ನಮಗೆ ಬೇಕಾದದ್ದು ಇದೇ ಕಾರಣಕ್ಕೆ, ಅದೇ ಲೆಕ್ಕಕ್ಕೆ ಬರುವುದಿಲ್ಲ.

10,000 ಎಂಬ ಸಂಖ್ಯೆಯೇ ವೈದ್ಯರು ಕೊಟ್ಟದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ ಅದು ಹರಡಿತು. ಸರಾಸರಿ 72 ವರ್ಷದ ಹೆಂಗಸರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲೇ ಸಾವಿನ ಪ್ರಮಾಣ 2,700 ನಡೆದವರಿಗಿಂತ ಸ್ಪಷ್ಟವಾಗಿ ಕಡಿಮೆ ಇತ್ತು. ಸುಮಾರು 7,500ರ ನಂತರ ಜಾಸ್ತಿ ನಡೆದದ್ದರಿಂದ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಹಾಗಿದ್ದ ಮೇಲೆ 65 ದಾಟಿದ ಅಜ್ಜಿಗೂ 30ರ ಹುಡುಗನಿಗೂ ಒಂದೇ ಗುರಿ ಇಡುವುದರಲ್ಲಿ ಅರ್ಥ ಇಲ್ಲ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಲ್ಲಿ ಎರಡು ಭಾಗ ಇದೆ. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ ಒಂದು. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಶಕ್ತಿ ಕೊಡುವ ವ್ಯಾಯಾಮ ಇನ್ನೊಂದು. ಜಿಮ್ ಮುಖ್ಯವಾಗಿ ಬೇಕಾಗುವುದು ಈ ಎರಡನೆಯದಕ್ಕೆ. ಭಾರ ಎತ್ತುವಾಗ ಹೆಜ್ಜೆ ಬೀಳುವುದಿಲ್ಲ. ಜಿಮ್ ರಿಯಾಯಿತಿ ತೆಗೆದು ಹೆಜ್ಜೆಗೆ ಬಹುಮಾನ ಕೊಟ್ಟರೆ, ವಯಸ್ಸಾದ ಮೇಲೆ ಬೀಳದಂತೆ ಕಾಪಾಡುವ ವ್ಯಾಯಾಮಕ್ಕೇ ಬೆಲೆ ಇಲ್ಲದಂತಾಗುತ್ತದೆ. ಕಂಪನಿಗಳು ತಿದ್ದಬೇಕಾದ ಮೊದಲ ವಿಷಯ ಇದೇ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ನಮ್ಮ ಊರಿನ ಕೆಲಸಗಳನ್ನು ಈ ಅಳತೆಯ ಎದುರು ಇಟ್ಟು ನೋಡಿ. ಅಡಿಕೆಗೆ ಮದ್ದು ಬಿಡುವವರು ಮರದಿಂದ ಮರಕ್ಕೆ ಹೋಗುವಾಗ ಮೊಬೈಲ್ ಕೆಳಗೆ ಅಂಗಿಯ ಜೇಬಿನಲ್ಲೋ ಮನೆಯಲ್ಲೋ ಇರುತ್ತದೆ. ಇಡೀ ದಿನದ ಬೆವರು ಆ್ಯಪ್‌ನಲ್ಲಿ ಸೊನ್ನೆ. ಬೀಡಿ ಕಟ್ಟುವ ಹೆಂಗಸರು ಗಂಟೆಗಟ್ಟಲೆ ಕೂತಲ್ಲೇ ಕೂರಬೇಕು. ವ್ಯಾಯಾಮ ಅತಿ ಹೆಚ್ಚು ಬೇಕಾದವರು ಅವರು, 10,000 ಹೆಜ್ಜೆಗೆ ಬಿಡುವು ಅತಿ ಕಡಿಮೆ ಇರುವವರೂ ಅವರೇ. ಗಲ್ಫ್‌ನಲ್ಲಿರುವ ಮಗ ತನ್ನ ನಂಬರಿನಲ್ಲಿ ಪಾಲಿಸಿ ತೆಗೆದರೆ ಆ್ಯಪ್ ಅವನ ಫೋನಿನಲ್ಲಿ ತೆರೆದುಕೊಳ್ಳುತ್ತದೆ, ನಡೆಯಬೇಕಾದವರು ಇಲ್ಲಿ ಅಪ್ಪ ಅಮ್ಮ. ಅವರ ಫೋನಿನಲ್ಲಿ ಬೇರೆಯಾಗಿ ಲಾಗಿನ್ ಮಾಡಿಕೊಡದಿದ್ದರೆ ಅವರು ಎಷ್ಟು ನಡೆದರೂ ಲೆಕ್ಕಕ್ಕೆ ಸೇರುವುದಿಲ್ಲ. ಊರಿಗೆ ಬಂದಾಗ ಮಕ್ಕಳು ಮಾಡಿಕೊಡಬಹುದಾದ ಸಣ್ಣ ಕೆಲಸ ಇದು.

ಹಾಗೆಂದು ವ್ಯಾಯಾಮವನ್ನೇ ಬಿಡಬೇಕಾಗಿಲ್ಲ. ಮಲಬಾರಿನ ಉದ್ದಕ್ಕೂ ಬೆಳಗ್ಗೆ ಮೈದಾನದಲ್ಲಿ ಸೇರಿ ಅರ್ಧ ಗಂಟೆಯೊಳಗೆ ಮುಗಿಸುವ ಮೆಕ್ 7ನಂಥ ಗುಂಪು ವ್ಯಾಯಾಮಗಳು ಬಿಟ್ಟಿಯಾಗಿ ನಡೆಯುತ್ತವೆ. ಆರೋಗ್ಯಕ್ಕೆ ಅದು ಸಾಕಷ್ಟು ಒಳ್ಳೆಯದು. ವಿಮೆಯ ಬಹುಮಾನಕ್ಕೆ ಮಾತ್ರ ಬಾರದು.

ಪಾಲಿಸಿಯಲ್ಲಿ ಬರೆದದ್ದು, ಆ್ಯಪ್‌ನಲ್ಲಿ ತೋರಿಸಿದ್ದು

ರಿಯಾಯಿತಿ ನಿಂತಾಗ ಕೇಳುವ ಹಕ್ಕು ನಿಮಗೆ ಇದೆಯೋ ಇಲ್ಲವೋ ಎಂಬುದು ಇಲ್ಲಿ ತೀರ್ಮಾನ ಆಗುತ್ತದೆ. ಪಾಲಿಸಿಯ ದಾಖಲೆಯಲ್ಲೇ ಬರೆದ ಸೌಲಭ್ಯವನ್ನು ಬದಲಾಯಿಸಬೇಕಾದರೆ ಕಂಪನಿ ಮೂರು ತಿಂಗಳು ಮೊದಲೇ ತಿಳಿಸಬೇಕು ಎಂಬ ಷರತ್ತು ನಮ್ಮ ಆರೋಗ್ಯ ಪಾಲಿಸಿಗಳಲ್ಲಿ ಇರುತ್ತದೆ. ಆ್ಯಪ್‌ನ 'ಆಫರ್' ಪುಟದಲ್ಲಿ ಮಾತ್ರ ಇರುವ ಜಿಮ್ ಕೂಪನ್‌ಗೆ ಆ ರಕ್ಷಣೆ ಇಲ್ಲ. ಎಷ್ಟೋ ಸಲ ಅದನ್ನು ಕೊಡುವುದು ಜಿಮ್ ಕಂಪನಿಯೇ, ಗಿರಾಕಿ ಸಿಗಲಿ ಎಂದು. ಒಪ್ಪಂದ ಮುಗಿದ ದಿನ ಅದೂ ಮುಗಿಯುತ್ತದೆ. ಆದ್ದರಿಂದ ಏಜೆಂಟ್ ಜಿಮ್ ಫ್ರೀ ಎಂದರೆ, ಪಾಲಿಸಿಯ ಯಾವ ಪುಟದಲ್ಲಿದೆ ಎಂದು ಕೇಳಿ. ಪುಟ ತೋರಿಸದಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಪಾಲಿಸಿ ತೂಗಿ ನೋಡಿ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡ ಎಂದು ಹಿಂದಿರುಗಿಸುವ ಅವಕಾಶವೂ ಇದೆ.

ಕಂಪನಿ ಬದಲಾಯಿಸುವ ಯೋಚನೆ ಇದ್ದರೆ ಇನ್ನೊಂದು ಮಾತು. ಪೋರ್ಟ್ ಮಾಡಿದಾಗ, ಅಂದರೆ ಪಾಲಿಸಿ ನಿಲ್ಲಿಸದೆ ಹೊಸ ಕಂಪನಿಗೆ ವರ್ಗಾಯಿಸಿದಾಗ, ಹಳೆಯ ಕಾಯಿಲೆಗಳಿಗೆ ವಿಮೆ ಸಿಗಲು ಕಾದ ಅವಧಿ ಹೊಸ ಕಂಪನಿಯಲ್ಲೂ ಲೆಕ್ಕಕ್ಕೆ ಬರುತ್ತದೆ. ಈ ಕಾಯುವ ಅವಧಿ ಗರಿಷ್ಠ 36 ತಿಂಗಳು ಎಂದು 2024ರಲ್ಲಿ ಇಳಿದಿದೆ. ನಡೆದು ಕೂಡಿಸಿದ ಪಾಯಿಂಟ್ ಹಳೆಯ ಕಂಪನಿಯ ಬಳಿಯೇ ಉಳಿಯುತ್ತದೆ, ಬಿಡುವ ಮೊದಲು ಬಳಸಿಬಿಡಿ. ಜಿಮ್ ಕೂಪನ್ ಹೋಯಿತೆಂಬ ಸಿಟ್ಟಿನಲ್ಲಿ ಪಾಲಿಸಿಯನ್ನೇ ಬಿಟ್ಟು, ಹೊಸದನ್ನು ಮೊದಲಿನಿಂದ ತೆಗೆಯುವುದು ಮಾತ್ರ ಬೇಡ. ಮಂಗಳೂರಿನಲ್ಲಿ ನಿಮಗೆ ಬೇಕಾದ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ ಇದೆಯೇ, ರೂಮಿನ ಬಾಡಿಗೆಗೆ ಮಿತಿ ಇದೆಯೇ ಎಂಬುದು ಗಡಿಯ ಈ ಕಡೆ ಇರುವ ನಮಗೆ ಯಾವ ಜಿಮ್‌ಗಿಂತಲೂ ಮುಖ್ಯ. 2020ರಲ್ಲಿ ಗಡಿ ಮುಚ್ಚಿ ಆಂಬುಲೆನ್ಸ್‌ಗಳು ತಲಪಾಡಿಯಲ್ಲಿ ನಿಂತದ್ದನ್ನು ನೋಡಿದ ಜಿಲ್ಲೆ ಇದು. ಹತ್ತಿರದ ಆಸ್ಪತ್ರೆಯ ಬೆಲೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪಾಲಿಸಿಯ ಸಾರಾಂಶವನ್ನು ಗಿರಾಕಿ ಕೇಳಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕು ಎಂಬ ನಿಯಮ 2024ರ ಜನವರಿಯಿಂದ ಇದೆ. ಕೇರಳದ ವಿಳಾಸ ನೋಡಿ ಮಲಯಾಳದ್ದು ಕಳಿಸಿದರೆ ಸುಮ್ಮನಿರಬೇಡಿ. ಕರ್ನಾಟಕದ ಗಿರಾಕಿಗಳಿಗೆಂದು ಅದೇ ಪಾಲಿಸಿಯ ಕನ್ನಡ ಸಾರಾಂಶ ಕೊಡಬೇಕಾದ್ದೂ ಅದೇ ಕಂಪನಿ. ಮಂಜೇಶ್ವರ, ಕಾಸರಗೋಡು ತಾಲೂಕಿನ ಕನ್ನಡಿಗರು ಅದನ್ನೇ ಕೇಳಬೇಕು, ಬರೆದು ಕೇಳಬೇಕು. ಪಾಯಿಂಟ್ ಹೇಗೆ ಬರುತ್ತದೆ ಎಂಬ ಷರತ್ತುಗಳನ್ನೂ ಕನ್ನಡದಲ್ಲೇ ಬರೆದುಕೊಡಿ ಎಂದು ಅದೇ ಪತ್ರದಲ್ಲಿ ಸೇರಿಸಿ.

ಬರೆದು ಕೊಟ್ಟ ಸೌಲಭ್ಯ ನಿಲ್ಲಿಸಿದರೆ, ಅಥವಾ ಏಜೆಂಟ್ ಹೇಳಿದ್ದು ಪಾಲಿಸಿಯಲ್ಲಿ ಇಲ್ಲದಿದ್ದರೆ, ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಐಆರ್‌ಡಿಎಐಯ ಬಿಮಾ ಭರೋಸಾ ಜಾಲತಾಣದಲ್ಲೂ 155255 ಎಂಬ ನಂಬರಿನಲ್ಲೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿ ಕಾಣದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರು ವಿಚಾರಿಸುವ ಅಧಿಕಾರಿಯ ಬಳಿ ಹೋಗಬಹುದು. ಫೀಸು ಇಲ್ಲ, ವಕೀಲರೂ ಬೇಡ. ಕೇರಳದ ಓಂಬುಡ್ಸ್‌ಮನ್ ಕಚೇರಿ ಕೊಚ್ಚಿಯಲ್ಲಿದೆ. ಆದರೆ ನಿಯಮದ ಪ್ರಕಾರ ದೂರುದಾರರ ಮನೆ ಇರುವ ಕಡೆ ಅಥವಾ ಕಂಪನಿಯ ಶಾಖೆ ಇರುವ ಕಡೆ, ಎರಡರಲ್ಲಿ ಎಲ್ಲಿ ಬೇಕಾದರೂ ದೂರು ಕೊಡಬಹುದು. ಮಂಗಳೂರಿನ ಶಾಖೆಯಲ್ಲಿ ಪಾಲಿಸಿ ಮಾಡಿಸಿದ ಕಾಸರಗೋಡಿನವರು ಕೊಚ್ಚಿಯ ಬದಲು ಬೆಂಗಳೂರಿನ ಕಚೇರಿಯನ್ನು ಆರಿಸಿಕೊಳ್ಳಬಹುದು. ಅದಕ್ಕೆ ಪಾಲಿಸಿಯ ಮೇಲೆ ಯಾವ ಶಾಖೆಯ ವಿಳಾಸ ಇದೆ ಎಂದು ಈಗಲೇ ನೋಡಿಟ್ಟುಕೊಳ್ಳಿ.